ಕೋಟೆಯ ಬಾಗಿಲು ಮುಟ್ಟಿ ಬರುವುದು ಪ್ರವಾಸವೇ?

ಮಾನ್ಯ ಸಂಪಾದಕರೇ,

ಶಿರಸಿಯಿಂದ ಚಿತ್ರದುರ್ಗಕ್ಕೆ ಕಳೆದ ಭಾನುವಾರ ಹೊರಟ ಒಂದು ದಿನದ ಕೋಟೆ ಪ್ರವಾಸ ಯಶಸ್ವಿಯಾಯಿತೆಂದು ತಮ್ಮ ಪತ್ರಿಕೆಯಲ್ಲಿ ವರದಿ ಬಂದಿದೆ. ವಯಸ್ಸಾದ ತಾಯಿ ಮತ್ತು ಮಕ್ಕಳೊಂದಿಗೆ ಅದೇ ಬಸ್ಸಿನಲ್ಲಿದ್ದ ನನಗೆ ಅದನ್ನೋದಿ ಸುಮ್ಮನಿರಲಾಗಲಿಲ್ಲ.

ಬೆಳಗಿನ ಐದಕ್ಕೆ ಹೊರಡಬೇಕಿದ್ದ ಬಸ್ಸು ಎಂಟು ದಾಟಿದರೂ ಮಾರಿಕಾಂಬಾ ದೇವಸ್ಥಾನದ ಬಳಿಯಿಂದ ಕದಲಲಿಲ್ಲ. ಕುಮಟಾದವರು ದೇವಿಮನೆ ಘಟ್ಟದಲ್ಲಿ ಸಿಕ್ಕಿಕೊಂಡಿದ್ದಾರೆ ಎಂಬ ಒಂದೇ ಉತ್ತರ ಕೇಳಿ ಕೇಳಿ ಸಾಕಾಯಿತು. ಹೊರಟ ಮೇಲೆ ಹಾವೇರಿ ಮುಟ್ಟುವವರೆಗೂ ಹೊಂಡ ತಪ್ಪಿಸುವುದೇ ಚಾಲಕರ ಕೆಲಸವಾಯಿತು. ತಾಯಿ ಸಕ್ಕರೆ ಕಾಯಿಲೆಯವರು, ಹೊತ್ತಿಗೆ ಸರಿಯಾಗಿ ಊಟವಾಗಬೇಕು. ಆ ಊಟ ಸಿಕ್ಕಿದ್ದು ಮೂರು ಗಂಟೆಗೆ, ಅದೂ ತಣ್ಣಗಾದದ್ದು.

ಕೋಟೆಗೆ ಕಾಲಿಟ್ಟಾಗ ನಾಲ್ಕೂವರೆ. ಸಂಜೆ ಆರಕ್ಕೆ ಬಾಗಿಲು ಹಾಕುತ್ತಾರೆಂದು ಗೊತ್ತಿದ್ದೂ, ಐದೂವರೆಗೇ ಬಸ್ಸಿನಲ್ಲಿರಬೇಕೆಂದು ನಮ್ಮನ್ನು ಕರೆತಂದವರು ಅವಸರ ಮಾಡಿದರು. ಹಲವು ಮುತ್ತಿಗೆಗಳನ್ನು ತಡೆದು ನಿಂತು, 1779ರಲ್ಲಷ್ಟೇ ಹೈದರಾಲಿಯ ವಶವಾದ ಏಳು ಸುತ್ತಿನ ಕೋಟೆಯನ್ನು ಒಂದು ತಾಸಿನಲ್ಲಿ ನೋಡಿ ಮುಗಿಸುವುದು ಯಾರಿಂದ ಸಾಧ್ಯ? ಓಬವ್ವನ ಕಿಂಡಿ ನೋಡಲೆಂದೇ ಬಂದ ಮಕ್ಕಳು ಅಲ್ಲಿಗೆ ಹೋಗಲಾಗದೆ ಅತ್ತರು. ಅಕ್ಕ-ತಂಗಿಯರ ಹೊಂಡವಿಲ್ಲ, ಗೋಪಾಲಸ್ವಾಮಿ ಹೊಂಡವಿಲ್ಲ, ಹಿಡಿಂಬೇಶ್ವರನ ದರ್ಶನವಂತೂ ದೂರವೇ ಉಳಿಯಿತು. ಬೆಟ್ಟದ ಮೇಲೆ ಬಿದ್ದ ಮಳೆ ಹೊಂಡದಿಂದ ಹೊಂಡಕ್ಕೆ ಇಳಿದು ಕೊನೆಗೆ ಊರೊಳಗಿನ ಸಂತೆಹೊಂಡ ಸೇರುವಂತೆ ಅಂದಿನ ನಾಯಕರು ಏರ್ಪಾಡು ಮಾಡಿದ್ದರು. ಅಂಥ ಕೋಟೆಗೆ ಹಣ ಪಡೆದು ಕರೆದೊಯ್ದವರಿಗೆ ಬಸ್ಸಿನಲ್ಲಿ ಒಂದು ಕ್ಯಾನ್ ನೀರಿಡಲು ಆಗಲಿಲ್ಲ. ಮರಳುವಾಗ ಹೆಂಗಸರು ಕೇಳಿಕೊಂಡರೂ ಶೌಚಾಲಯವಿರುವ ಕಡೆ ನಿಲ್ಲಿಸಲಿಲ್ಲ. ಶಿರಸಿ ತಲುಪಿದಾಗ ನಡುರಾತ್ರಿ ಕಳೆದಿತ್ತು. ಹಳ್ಳಿಗಳಿಗೆ ಹೋಗಬೇಕಾದವರು ನಿಲ್ದಾಣದಲ್ಲೇ ಬೆಳಗು ಮಾಡಿದರು.

ಹಸಿರು ನಿಶಾನೆ ತೋರಿ ಭಾವಚಿತ್ರಕ್ಕೆ ನಿಂತ ಅಧಿಕಾರಿಗಳು ಇದೇ ರಸ್ತೆಯಲ್ಲಿ ಒಮ್ಮೆಯಾದರೂ ಬಸ್ಸಿನಲ್ಲಿ ಓಡಾಡಿದ್ದಾರೆಯೇ? ಕುಮಟಾ–ಶಿರಸಿ ಹೆದ್ದಾರಿ ಅಗಲೀಕರಣ ವರ್ಷಗಳಿಂದ ನಡೆಯುತ್ತಲೇ ಇದೆ, ಮಳೆಗಾಲ ಬಂದಾಗಲೆಲ್ಲ ಅದೇ ಗೋಳು. ಹುಬ್ಬಳ್ಳಿ–ಶಿರಸಿ–ತಾಳಗುಪ್ಪ ರೈಲಿನ ಮಾತು ಚುನಾವಣೆ ಬಂದಾಗ ಕೇಳುತ್ತದೆ, ಆಮೇಲೆ ಇಲ್ಲ. ಮನವಿ ಕೊಟ್ಟರೆ ಮೇಲಿನವರಿಗೆ ಬರೆದಿದ್ದೇವೆ ಎನ್ನುತ್ತಾರೆ; ಆ ಮೇಲಿನವರು ಯಾರೆಂದು ಇಂದಿಗೂ ಯಾರೂ ಹೇಳಿಲ್ಲ.

ಚಿತ್ರದುರ್ಗ ಇಲ್ಲಿಂದ ಸುಮಾರು 200 ಕಿ.ಮೀ. ದೂರವಿದೆ. ಕೋಟೆ ತೋರಿಸುವ ಮನಸ್ಸಿದ್ದರೆ ಹಿಂದಿನ ರಾತ್ರಿಯೇ ಹೊರಡಲಿ, ಇಲ್ಲವೇ ಎರಡು ದಿನದ ಪ್ರವಾಸ ಮಾಡಲಿ, ಎರಡೂ ಆಗದಿದ್ದರೆ ಹಣ ಪಡೆಯುವುದನ್ನು ನಿಲ್ಲಿಸಲಿ. ನಮ್ಮ ಹಣ ಹಿಂದಿರುಗಿಸಲಿ. ಅದಕ್ಕೂ ಮೊದಲು ಸಂಬಂಧಪಟ್ಟವರು ರಸ್ತೆ ಸರಿಮಾಡಲಿ. ಅದೂ ಕೈಲಾಗದವರು ನಿಶಾನೆ ಹಿಡಿದು ನಿಲ್ಲುವುದನ್ನಾದರೂ ಬಿಡಲಿ.

– ನೊಂದ ಪ್ರಯಾಣಿಕ, ಶಿರಸಿ