ಡ್ಯೂಟಿಯ ಜೊತೆಗೇ ನಮ್ಮನ್ನು ಓದಿಸಿದವರಿಗೆ

ಪಶು ಶುಶ್ರೂಷೆಯ ಉನ್ನತ ಪದವಿಯ ಫಲಿತಾಂಶ ಬಂದಿದೆ, ನಾವಿಬ್ಬರೂ ಪಾಸಾಗಿದ್ದೇವೆ. ಮೈಸೂರಿನ ಕ್ಲಿನಿಕ್ಕಿನಲ್ಲಿ ಪೂರ್ತಿ ಕೆಲಸ ಮಾಡುತ್ತಲೇ ಬ್ರಿಟನ್ನಿನ ದೂರಶಿಕ್ಷಣದಲ್ಲಿ ಓದಿದ್ದು. ಪುಸ್ತಕದಲ್ಲಿದ್ದದ್ದು ಕೈಗೆ ಬಂದದ್ದು ನಿಮ್ಮಿಂದ. ಯಾರಿಗೆ ಯಾವುದಕ್ಕೆ ಋಣಿಯೆಂದು ಬಿಡಿಸಿ ಹೇಳಬೇಕೆನಿಸಿತು.

ಮೊದಲು ಪಾಳಿ ಬದಲಿಸಿಕೊಂಡ ಗೆಳೆಯರಿಗೆ. ಅಲ್ಲಿನ ಸಂಜೆ 7ರ ತರಗತಿ ನಮಗೆ ರಾತ್ರಿ 11.30ಕ್ಕೆ, ಅಕ್ಟೋಬರ್ ಕೊನೆಗೆ ಅವರು ಗಡಿಯಾರ ಹಿಂದಿಟ್ಟ ಮೇಲೆ 12.30ಕ್ಕೆ. ಮರುದಿನ ಬೆಳಗಿನ ಆಪರೇಷನ್ನಿಗೆ ನಮ್ಮನ್ನು ಹಾಕದೆ ನೀವೇ ನಿಂತಿರಿ. ಅರಿವಳಿಕೆಯಲ್ಲಿರುವ ನಾಯಿಯನ್ನು 5 ನಿಮಿಷಕ್ಕೊಮ್ಮೆ ನೋಡಿ ಬರೆದಿಡುವವರು ತೂಕಡಿಸಬಾರದು. ಓದುವವರನ್ನು ಕೆಲಸಕ್ಕಿಟ್ಟುಕೊಂಡವರೆಲ್ಲ ಈ ಒಂದು ಏರ್ಪಾಟು ಮಾಡಲಿ.

ಡಾಕ್ಟರ್ ಮೇಡಂ, ಮಾನಿಟರ್ ನೋಡುವ ಮೊದಲು ನಾಯಿಯನ್ನು ನೋಡಲು ಕಲಿಸಿದವರು ನೀವು. ಒಸಡು ಒತ್ತಿ ಬಿಟ್ಟರೆ 2 ಸೆಕೆಂಡಿನೊಳಗೆ ಬಣ್ಣ ಮರಳಬೇಕು. ದವಡೆ ಎಷ್ಟು ಸಡಿಲ, ರೆಪ್ಪೆ ಮುಟ್ಟಿದರೆ ಮಿಟುಕುತ್ತದೆಯೇ, ಕಣ್ಣುಗುಡ್ಡೆ ಯಾವ ಕಡೆ ತಿರುಗಿದೆ ಎಂದು ಸೇರಿಸಿ ನೋಡಿದರೇ ಅರಿವಳಿಕೆಯ ಆಳ ತಿಳಿಯುವುದು. ನಾಲಿಗೆ ಒಣಗಿದರೆ ಅದಕ್ಕೆ ಸಿಕ್ಕಿಸಿದ ಪಲ್ಸ್ ಆಕ್ಸಿಮೀಟರ್ (ರಕ್ತದ ಆಮ್ಲಜನಕ ಅಳೆಯುವ ಸಾಧನ) ಕ್ಲಿಪ್ ಸುಳ್ಳು ಅಂಕಿ ತೋರಿಸಬಹುದು. ಆದರೂ ಅಂಕಿ ಇಳಿದಾಗ ಮೊದಲು ಉಸಿರು, ನಾಡಿ, ಒಸಡಿನ ಬಣ್ಣ. ಅವೆಲ್ಲ ಸರಿಯಿದ್ದರೆ ಮಾತ್ರ ಕ್ಲಿಪ್ಪಿನ ಮೇಲೆ ಅನುಮಾನ. ಸರಾಸರಿ ರಕ್ತದೊತ್ತಡ 60ಕ್ಕಿಂತ ಕೆಳಗೆ ನಿಂತುಬಿಟ್ಟರೆ ಮೂತ್ರಪಿಂಡಕ್ಕೆ ರಕ್ತ ಸಾಲುವುದಿಲ್ಲ ಎಂದು ನೀವು ವಿವರಿಸಿದ ಮೇಲೆ ಆ ಅಂಕಿಯನ್ನು ಬಾಯಿಪಾಠ ಮಾಡಬೇಕಾಗಲೇ ಇಲ್ಲ.

ಕಾಂಪೌಂಡರ್ ಅಣ್ಣನವರಿಗೆ ಡ್ರಿಪ್ ಲೆಕ್ಕಕ್ಕಾಗಿ. 12 ಕೆ.ಜಿ. ನಾಯಿ, ಕೆ.ಜಿ.ಗೆ ದಿನಕ್ಕೆ 50 ಮಿ.ಲೀ. ಎಂದರೆ 600 ಮಿ.ಲೀ., ಗಂಟೆಗೆ 25. ಮಿ.ಲೀ.ಗೆ 60 ಹನಿಯ ಸೆಟ್ಟಿನಲ್ಲಿ ನಿಮಿಷಕ್ಕೆ 25 ಹನಿ. 20 ಹನಿಯ ಸೆಟ್ಟಿನಲ್ಲಿ ಸುಮಾರು 8. ಕವರಿನ ಮೇಲಿನ ಅಂಕಿ ಓದದೆ ದೊಡ್ಡ ಹನಿಯ ಸೆಟ್ಟಿನಲ್ಲೂ 25 ಬಿಟ್ಟರೆ ಮೂರು ಪಟ್ಟು ದ್ರವ ಒಳಗೆ ಹೋಗುತ್ತದೆ. ಹೃದಯ ಸೋತ ಮುದಿ ನಾಯಿಗೆ ಶ್ವಾಸಕೋಶದಲ್ಲಿ ನೀರು ತುಂಬಲು ಅಷ್ಟು ಸಾಕು. ಅಣ್ಣ, ಪ್ರತಿ ಸಲವೂ ಕವರ್ ಓದಿಸಿದಿರಿ, ಬಾಟಲಿಗೆ ಗಂಟೆವಾರು ಗುರುತಿನ ಪಟ್ಟಿ ಅಂಟಿಸಿದಿರಿ. ಪಂಪ್ ಇಲ್ಲದ ಕಡೆ ಇದಕ್ಕಿಂತ ಒಳ್ಳೆಯ ಕಾವಲು ನಮಗೆ ಗೊತ್ತಿಲ್ಲ.

ಮಂಡ್ಯ ಕಡೆಯ ಹಳ್ಳಿಗಳಿಗೆ ಜೊತೆಯಲ್ಲಿ ಕರೆದೊಯ್ದ ಡಾಕ್ಟರಿಗೆ, ಕೊಟ್ಟಿಗೆಯೊಳಗೆ ಬಿಟ್ಟುಕೊಂಡ ರೈತರಿಗೆ ವಿಶೇಷ ನಮಸ್ಕಾರ. ಕರು ಹಾಕಿದ ಹಸು ಕತ್ತನ್ನು ಪಕ್ಕೆಗೆ ತಿರುಗಿಸಿ ಮಲಗಿದ್ದು, ಕಿವಿ ತಣ್ಣಗಿದ್ದರೆ ಹಾಲುಜ್ವರದ, ಅಂದರೆ ರಕ್ತದಲ್ಲಿ ಕ್ಯಾಲ್ಸಿಯಂ ಕುಸಿಯುವ ರೋಗದ, ಗುಮಾನಿ. ಡಾಕ್ಟರು ಕ್ಯಾಲ್ಸಿಯಂ ಬರೆದರೆ 450 ಮಿ.ಲೀ. ಬಾಟಲಿಯನ್ನು ಮೈಬಿಸಿಯಷ್ಟು ಬೆಚ್ಚಗೆ ಮಾಡಿ ಕೊಡುವುದು, ಹಸುವನ್ನು ಎದೆಯ ಮೇಲೆ ಕೂರಿಸಿ ಪಕ್ಕಕ್ಕೆ ಹುಲ್ಲಿನ ಮೂಟೆ ಒತ್ತರಿಸುವುದು ನಮ್ಮ ಕೆಲಸ. ಒರಗಿ ಮಲಗಿಬಿಟ್ಟರೆ ಹೊಟ್ಟೆಯುಬ್ಬರ ಬರುತ್ತದೆ, ಮೇವು ಮೇಲೆ ಬಂದು ಶ್ವಾಸನಾಳಕ್ಕೆ ಇಳಿಯಬಹುದು. ಬಾಟಲಿ ನಿಧಾನವಾಗಿ ಇಳಿಯುವಷ್ಟು ಹೊತ್ತೂ ಸ್ಟೆಥಾಸ್ಕೋಪ್ ಎದೆಯ ಮೇಲೇ ಇರಬೇಕು. ಬಡಿತ ತಪ್ಪಿದರೆ ತಕ್ಷಣ ನಿಲ್ಲಿಸಬೇಕು. ಅವಸರದಲ್ಲಿ ಬಿಟ್ಟರೆ ಹೃದಯವೇ ನಿಂತುಬಿಡಬಹುದು.

ಕೇಸ್ ಬರೆಯಲು ಒಪ್ಪಿಗೆ ಕೊಟ್ಟ ಸಾಕಿದವರಿಗೂ ಧನ್ಯವಾದ. ನಿಮ್ಮ ಹೆಸರು, ಫೋನ್ ನಂಬರ್ ಯಾವ ಹಾಳೆಯಲ್ಲೂ ಇಲ್ಲ.

"ಡಾಕ್ಟರಾದಿರಲ್ಲ" ಎಂದು ಹರಸಿದ ಹಿರಿಯರೇ, ಪ್ರೀತಿಗೆ ಶರಣು. ಆದರೆ ರೋಗ ಗುರುತಿಸಿ ಔಷಧಿ ಬರೆಯುವುದು 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆಯಂತೆ ನೋಂದಾಯಿತ ವೈದ್ಯರ ಕೆಲಸ. ಈ ಪದವಿ ಅದನ್ನು ಬದಲಿಸುವುದಿಲ್ಲ, ದಯವಿಟ್ಟು ನಮ್ಮ ಬಳಿ ಮಾತ್ರೆ ಕೇಳಬೇಡಿ.

ನಮ್ಮ ನೋಟ್ಸ್, ಹನಿ ಲೆಕ್ಕದ ಪಟ್ಟಿ, ಅರಿವಳಿಕೆಯ ಖಾಲಿ ಚಾರ್ಟುಗಳು ಕ್ಲಿನಿಕ್ಕಿನ ಬೀರುವಿನ ಕೆಳಗಿನ ಅರೆಯಲ್ಲಿವೆ. ಓದಲು ಹೊರಟವರು ಕೇಳದೆಯೇ ತೆಗೆದುಕೊಳ್ಳಬಹುದು.