ಗೆಳೆಯನ ಮಾತಿಗೆ ಬೆಲೆ ಜಾಸ್ತಿ

ಧಾರವಾಡದ ನಮ್ಮ ಶಾಲಾ-ಕಾಲೇಜುಗಳಲ್ಲಿ ಗುಟ್ಕಾ, ಸಿಗರೇಟು ಬೇಡ ಎಂಬ ಮಾತು ಬರೀ ದೊಡ್ಡವರಿಂದಲೇ ಬರುತ್ತಿದೆ, ಮಕ್ಕಳ ಕಿವಿಗೆ ಬೀಳುತ್ತಿಲ್ಲ. ಜೂನ್ 26ರ ಮಾದಕವಸ್ತು ವಿರೋಧಿ ದಿನ ಬಂತೆಂದರೆ ಜಾಥಾ, ಭಾಷಣ, ಪ್ರತಿಜ್ಞೆ. ಅಲ್ಲಿಗೆ ಮುಗೀತು.

ನಮ್ಮ ಓಣಿಯ ಹತ್ತನೇ ತರಗತಿ ಹುಡುಗನೊಬ್ಬ ಗುಟ್ಕಾ ಶುರು ಮಾಡಿದ್ದು ಗೆಳೆಯ ‘ಒಮ್ಮೆ ಹಾಕಿ ನೋಡಲೇ’ ಅಂದಿದ್ದಕ್ಕೆ. ಅಪ್ಪ ಹೊಡೆದರು, ಮಾಸ್ತರು ಬೈದರು, ಬಿಡಲಿಲ್ಲ. ಕೊನೆಗೆ ಬಿಡಿಸಿದ್ದು ಅವನ ಕಬಡ್ಡಿ ತಂಡದ ನಾಯಕ. ‘ನಿನ್ನ ಜೋಡಿ ನಾ ಅದೀನಿ, ಬಾ’ ಎಂದು ದಿನಾ ಸಂಜೆ ಮನೆಗೆ ಬಂದು ಆಟಕ್ಕೆ ಕರೆದೊಯ್ಯುತ್ತಿದ್ದ ಆ ಹುಡುಗನಿಗೂ ಹದಿನಾರೇ ವರ್ಷ!

ಕಾನೂನು ಇಲ್ಲವೆಂದಲ್ಲ. ರಾಜ್ಯದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾಗಿದೆ. ಆದರೆ ಪಾನ್ ಮಸಾಲಾ ಒಂದು ಪಾಕೀಟು, ತಂಬಾಕು ಇನ್ನೊಂದು ಪಾಕೀಟು ಮಾಡಿ ಮಾರುತ್ತಾರೆ. ಮಕ್ಕಳಿಗೆ ತಂಬಾಕು ಕೊಟ್ಟರೆ 2015ರ ಬಾಲನ್ಯಾಯ ಕಾಯ್ದೆಯಡಿ 7 ವರ್ಷದವರೆಗೆ ಜೈಲು ಎಂಬುದು ಎಷ್ಟು ಗೂಡಂಗಡಿಯವರಿಗೆ ಗೊತ್ತು?

ಶಿಕ್ಷಣ ಇಲಾಖೆ ಪ್ರತಿ ತರಗತಿಯಿಂದ ಇಬ್ಬರು-ಮೂವರು ಮಕ್ಕಳನ್ನು ಆರಿಸಿ, ಗೆಳೆಯರನ್ನು ಚಟದಿಂದ ದೂರ ಇಡುವುದು ಹೇಗೆಂದು ಊರಲ್ಲೇ ಇರುವ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನ ತಜ್ಞರಿಂದ ತರಬೇತಿ ಕೊಡಿಸಲಿ. ಸುಮ್ನೆ ಮೈಕ್ ಹಿಡಿದು ಚೆನ್ನಾಗಿ ಮಾತಾಡುವವರನ್ನೇ ಆರಿಸಬೇಡಿ. ಉಳಿದ ಹುಡುಗರು ಯಾರ ಮಾತು ಕೇಳುತ್ತಾರೋ ಅಂಥವರು ಬೇಕು, ಅಲ್ವಾ? ಒಮ್ಮೆ ಚಟ ಹಿಡಿಸಿಕೊಂಡು ಬಿಟ್ಟವನಿದ್ದರೆ ಇನ್ನೂ ಒಳ್ಳೆಯದು. ಹಾಗೆಯೇ, ಗೆಳೆಯರ ಮೇಲೆ ಚಾಡಿ ಹೇಳುವ ಕೆಲಸವನ್ನು ಮಾತ್ರ ಈ ಮಕ್ಕಳಿಗೆ ಹಚ್ಚಬಾರದು.

– ಒಬ್ಬ ತಾಯಿ, ಧಾರವಾಡ