ಕೈಗೆ ತಾಗಿತೇ?

ಡೊಂಬಿವಲಿ
ಬೆಳಗಿನ ಆರೂವರೆ

ಪ್ರೀತಿಯ ಪುಟ್ಟೀ,

ಮೊನ್ನೆ ರಾತ್ರಿ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಸರಿಯಾದ ಉತ್ತರ ಕೊಡಲಿಲ್ಲ. ಅತ್ತೆಯವರ ಔಷಧಿ, ಮಗುವಿನ ಶಾಲೆ, ಪುಣೆಯ ಹಿಂಜವಡಿಯ ಕಚೇರಿ ಎಲ್ಲವನ್ನೂ ಹೇಳಿಕೊಂಡು ಕೊನೆಗೆ, "ಎಲ್ಲರಿಗೂ ಕೊಟ್ಟು ಕೊಟ್ಟು ನನ್ನೊಳಗೆ ಪ್ರೀತಿಯೇ ಬತ್ತಿಹೋಗಿದೆ ಅಪ್ಪಾ. ಮನೆಯವರೆಲ್ಲ ಕಾಯುತ್ತಿರುವಾಗ ನಾನೊಬ್ಬಳೇ ಕಣ್ಣು ಮುಚ್ಚಿ ಧ್ಯಾನಕ್ಕೆ ಕೂರುವುದು ಸ್ವಾರ್ಥವಲ್ಲವೇ?" ಎಂದೆ. ನಾನು ಏನೋ ಸಮಾಧಾನ ಹೇಳಿ ಫೋನ್ ಇಟ್ಟೆ. ಎರಡು ರಾತ್ರಿ ನಿದ್ದೆ ಬರಲಿಲ್ಲ. ನೀನು ಹೇಳಿದ್ದು ನನ್ನದೇ ಹಳೆಯ ಮಾತು ಎಂಬುದು ಆಮೇಲೆ ಹೊಳೆಯಿತು. ಅದಕ್ಕೇ ಬರೆಯುತ್ತಿದ್ದೇನೆ.

1975ರಲ್ಲಿ ಕುಂದಾಪುರದ ಕಡೆಯಿಂದ ಬಸ್ಸಿನಲ್ಲಿ ಮುಂಬಯಿಗೆ ಬಂದಾಗ ನನಗೆ ಹದಿನಾಲ್ಕು ವರ್ಷ. ಮಾಟುಂಗದ ಹೋಟೆಲೊಂದರಲ್ಲಿ ಮಾಣಿಯಾಗಿ ಸೇರಿದೆ. ಹಗಲು ಮೇಜು ಒರೆಸುವುದು, ಸಂಜೆ ಕನ್ನಡ ರಾತ್ರಿಶಾಲೆ, ರಾತ್ರಿ ಅದೇ ಮೇಜುಗಳ ನಡುವೆ ಚಾಪೆ. ಗಲ್ಲಾದ ಮೇಲೆ ನಿತ್ಯಾನಂದ ಸ್ವಾಮಿಗಳ ಫೋಟೋ ಇತ್ತು. ಮುಂಬಯಿಯ ನಮ್ಮ ಊರಿನವರ ಹೋಟೆಲುಗಳಲ್ಲಿ ನೀನೂ ಅದನ್ನು ನೋಡಿದ್ದೀಯ: ಲಂಗೋಟಿಯ ಕಪ್ಪು ಮೈ, ನಮ್ಮನ್ನು ದಾಟಿ ಎಲ್ಲಿಯೋ ನೋಡುವ ಕಣ್ಣು. ಮಂಗಳೂರು, ಕಾಞಂಗಾಡ್ ಎಂದು ನಮ್ಮ ಕರಾವಳಿಯಲ್ಲಿ ತಿರುಗಾಡಿ, ಕೊನೆಗೆ ವಜ್ರೇಶ್ವರಿಯ ಹತ್ತಿರದ ಗಣೇಶಪುರಿಯಲ್ಲಿ ನೆಲೆ ನಿಂತವರು. 1961ರಲ್ಲಿ ಅಲ್ಲಿಯೇ ದೇಹ ಬಿಟ್ಟರು. ಮಾತು ಬಹಳ ಕಡಿಮೆ, ಸುಮ್ಮನೆ ಕುಳಿತಿರುತ್ತಿದ್ದರು, ಜನ ಹೋಗಿ ಎದುರಿಗೆ ಸುಮ್ಮನೆ ಕೂರುತ್ತಿದ್ದರು ಎಂದು ನಮ್ಮ ಧಣಿಗಳು ಹೇಳುತ್ತಿದ್ದರು. ಅವರು ದಿನಾ ಬೆಳಿಗ್ಗೆ ಊದುಬತ್ತಿ ಹಚ್ಚಿ, ಆ ಫೋಟೋದ ಮುಂದೆ ಒಂದು ನಿಮಿಷ ಅಲುಗಾಡದೆ ನಿಲ್ಲುತ್ತಿದ್ದರು. ಹೊರಗೆ ಹಾಲಿನವನು ಕೂಗುತ್ತಿದ್ದರೂ ತಿರುಗುತ್ತಿರಲಿಲ್ಲ.

ಒಂದು ದಿನ ಜನ ಕಿಕ್ಕಿರಿದಿದ್ದ ಹೊತ್ತಿನಲ್ಲಿ ಒಂದು ತಟ್ಟೆ ತುಂಬ ಗಾಜಿನ ಲೋಟಗಳನ್ನು ಕೆಳಗೆ ಹಾಕಿದೆ. ಇಡೀ ಹೋಟೆಲು ಒಂದು ಕ್ಷಣ ಸ್ತಬ್ಧವಾಯಿತು. ಸಂಬಳದಲ್ಲಿ ಎಷ್ಟು ಹೋಗುತ್ತದೋ, ಕೆನ್ನೆಗೆ ಎಷ್ಟು ಬೀಳುತ್ತದೋ ಎಂದು ನಡುಗುತ್ತಾ ನಿಂತಿದ್ದೆ. ಧಣಿಗಳು ಗಲ್ಲಾದಿಂದ ಎದ್ದು ಬಂದು ಕೇಳಿದ್ದು ಒಂದೇ ಮಾತು: "ಕೈಗೆ ತಾಗಿತೇ?"

ಆ ಮಾತನ್ನು ನಾನು ಮರೆಯಲಿಲ್ಲ. ಆದರೆ ಅದನ್ನು ನನಗೆ ನಾನೇ ಕೇಳಿಕೊಳ್ಳಬಹುದು ಎಂಬುದು ತಿಳಿಯಲು ಮೂವತ್ತಾರು ವರ್ಷ ಹಿಡಿಯಿತು.

ನಿನಗೆ ಗೊತ್ತಿರುವ ಕಥೆಯನ್ನು ಮತ್ತೆ ಉದ್ದ ಮಾಡುವುದಿಲ್ಲ. ಸ್ವಂತ ಹೋಟೆಲು ಮಾಡಿದೆ, ನಿನ್ನ ಚಿಕ್ಕಪ್ಪನನ್ನು ಓದಿಸಿದೆ, ನಿನ್ನ ಸೋದರತ್ತೆಯರ ಮದುವೆ ಮಾಡಿದೆ. ಚಿಕ್ಕಪ್ಪ ಪಾಲು ತೆಗೆದುಕೊಂಡು ಹೋದ ಮೇಲೆ ಆರು ವರ್ಷ ನಮ್ಮಿಬ್ಬರ ನಡುವೆ ಮಾತಿರಲಿಲ್ಲ. ಆಗಿನ ನನ್ನ ಮುಖ ನಿನಗೆ ನೆನಪಿರಬಹುದು. ಒಬ್ಬ ಗಿರಾಕಿ, ದಿನವೂ ಒಂದೇ ಮೂಲೆಯಲ್ಲಿ ಕುಳಿತು ಕಾಫಿ ಕುಡಿಯುತ್ತಿದ್ದವರು, ಇಗತಪುರಿಯ ವಿಪಶ್ಯನ ಧ್ಯಾನಕೇಂದ್ರ ಧಮ್ಮಗಿರಿಗೆ ಹೋಗಿ ಹತ್ತು ದಿನ ಕುಳಿತು ಬನ್ನಿ ಎಂದರು. ಹೋದೆ. ಅದು 2011.

ಅಲ್ಲಿ ನಾಲ್ಕು ಗಂಟೆಗೆ ಗಂಟೆ ಬಾರಿಸುತ್ತದೆ. ಮಾತಿಲ್ಲ, ಮೊಬೈಲಿಲ್ಲ, ಓದು ಬರಹವಿಲ್ಲ. ಊಟಕ್ಕೂ ವಸತಿಗೂ ಹಣ ತೆಗೆದುಕೊಳ್ಳುವುದಿಲ್ಲ. ಹಿಂದೆ ಕುಳಿತು ಹೋದವರು ಕೊಟ್ಟಿದ್ದರಲ್ಲಿ ಇವತ್ತಿನವರ ಅನ್ನ. ಅನ್ನ ಮಾರಿ ಬದುಕಿದ ನನಗೆ ಇದೇ ಮೊದಲ ಪಾಠವಾಯಿತು. ಮೊದಲ ಮೂರು ದಿನ ಮೂಗಿನ ಬಾಗಿಲಲ್ಲಿ ಉಸಿರು ಬಂದು ಹೋಗುವುದನ್ನು ನೋಡುವುದಷ್ಟೇ ಕೆಲಸ. ಅದಾದ ಮೇಲೆ ತಲೆಯಿಂದ ಕಾಲಿನವರೆಗೆ ಮೈಯ ಒಂದೊಂದು ಭಾಗದಲ್ಲೂ ಏನು ಆಗುತ್ತಿದೆ ಎಂದು ನೋಡುವುದು. ನೋವಾದರೆ ನೋವು, ತುರಿಕೆಯಾದರೆ ತುರಿಕೆ, ಓಡಿಸಲೂ ಬಾರದು, ಹಿಡಿದಿಡಲೂ ಬಾರದು.

ಈ ವಿಪಶ್ಯನ ಧ್ಯಾನವನ್ನು ಭಾರತಕ್ಕೆ ಮರಳಿ ತಂದ ಗೋಯೆಂಕಾ ಅವರು ಹುಟ್ಟಿದ್ದು ಬರ್ಮಾದ ಮಾಂಡಲೆಯಲ್ಲಿ. ವ್ಯಾಪಾರಿ, ತಡೆಯಲಾರದ ಅರೆತಲೆನೋವಿಗೆ ಪರಿಹಾರ ಹುಡುಕುತ್ತಾ ಗುರುವಿನ ಬಳಿಗೆ ಹೋದವರು. ಆ ಗುರು ಊ ಬಾ ಖಿನ್ ಬರ್ಮಾ ಸರ್ಕಾರದ ಮಹಾಲೇಖಪಾಲರು, ಲೆಕ್ಕ ನೋಡುವ ಮನುಷ್ಯ! ಅದನ್ನು ಕೇಳಿದ ದಿನ ನನಗೆ ಎಂಥದೋ ಧೈರ್ಯ ಬಂತು. ನಾನೂ ಬದುಕೆಲ್ಲ ಲೆಕ್ಕ ಬರೆದವನೇ. ಆದರೆ ಕಣ್ಣು ಮುಚ್ಚಿ ಕುಳಿತಾಗ ಕಂಡದ್ದು, ಪ್ರೀತಿಯನ್ನೂ ಗಲ್ಲಾದ ಪುಸ್ತಕದಲ್ಲಿಯೇ ಬರೆದಿಟ್ಟಿದ್ದೆ ಎಂಬುದು. ತಮ್ಮನಿಗೆ ಇಷ್ಟು ಕೊಟ್ಟೆ, ಬಂದದ್ದು ಇಷ್ಟು. ಎಲ್ಲರ ಹೆಸರಿಗೂ ಒಂದೊಂದು ಪುಟ. ನನ್ನ ಹೆಸರಿನ ಪುಟವೇ ಇರಲಿಲ್ಲ. ಅದನ್ನೇ ತ್ಯಾಗ ಎಂದುಕೊಂಡಿದ್ದೆ, ಪುಟ್ಟೀ.

ಹತ್ತನೆಯ ದಿನ ಮೈತ್ರಿಯ ಧ್ಯಾನ, ಸಕಲ ಜೀವಿಗಳಿಗೂ ಒಳ್ಳೆಯದಾಗಲಿ ಎಂದು ಹಾರೈಸುವುದು. ತಮ್ಮನ ಮುಖ ತಂದುಕೊಂಡು ಹಾರೈಸಿದೆ, ಕಷ್ಟವಾದರೂ ಆಯಿತು. ನನ್ನ ಕಡೆಗೇ ತಿರುಗಿದಾಗ ಗಂಟಲು ಕಟ್ಟಿತು. ಲೋಟ ಒಡೆದು ನಡುಗುತ್ತಾ ನಿಂತ ಆ ಹುಡುಗ ಕಣ್ಣ ಮುಂದೆ ಬಂದ. ಅವನನ್ನು ಇಷ್ಟು ವರ್ಷ ಗದರಿಸುತ್ತಲೇ ಬಂದಿದ್ದೆ. ಕೈಗೆ ತಾಗಿತೇ ಎಂದು ಕೇಳಿದೆ. ಆಮೇಲೆ ಬಹಳ ಹೊತ್ತು ಅತ್ತೆ. ಯಾರೂ ಯಾರನ್ನೂ ನೋಡದ ಜಾಗ ಅದು, ಅಳುವುದಕ್ಕೆ ತಡೆಯಿರಲಿಲ್ಲ.

ನಿನ್ನ ಪ್ರಶ್ನೆಗೆ ಉತ್ತರ ನನಗಿಂತ ಎಷ್ಟೋ ಚೆನ್ನಾಗಿ ಬೌದ್ಧ ಪಂಡಿತ ಬುದ್ಧಘೋಷರು ಕೊಟ್ಟಿದ್ದಾರೆ. ಐದನೆಯ ಶತಮಾನದಲ್ಲಿ ಶ್ರೀಲಂಕೆಯಲ್ಲಿ ಕುಳಿತು ಅವರು ಬರೆದ ವಿಶುದ್ಧಿಮಾರ್ಗದಲ್ಲಿ ಮೈತ್ರಿಯನ್ನು ಮೊದಲು ತನ್ನಿಂದಲೇ ಆರಂಭಿಸು ಎನ್ನುತ್ತಾರೆ. ಆಮೇಲೆ ಪ್ರಿಯರು, ಆಮೇಲೆ ಪರಿಚಯವಷ್ಟೇ ಇರುವವರು, ಕೊನೆಗೆ ವೈರಿ. ಅಲ್ಲೊಂದು ಪರೀಕ್ಷೆಯಿದೆ. ಸಾಧಕನೊಬ್ಬ ಪ್ರಿಯ, ತಟಸ್ಥ, ವೈರಿ ಈ ಮೂವರೊಡನೆ ಕುಳಿತಿದ್ದಾನೆ. ಕಳ್ಳರು ಬಂದು, ಬಲಿ ಕೊಡಲು ನಿಮ್ಮಲ್ಲಿ ಒಬ್ಬನನ್ನು ಕೊಡು ಎನ್ನುತ್ತಾರೆ. ಇವನನ್ನು ಒಯ್ಯಲಿ, ಅವನನ್ನು ಒಯ್ಯಲಿ ಎಂದುಕೊಂಡರೆ ಮನಸ್ಸಿನ ಗಡಿ ಇನ್ನೂ ಒಡೆದಿಲ್ಲ. ಇದು ಎಲ್ಲರಿಗೂ ಅರ್ಥವಾಗುತ್ತದೆ. ಆದರೆ "ಇವರು ಉಳಿಯಲಿ, ನನ್ನನ್ನೇ ಒಯ್ಯಲಿ" ಎಂದುಕೊಂಡರೂ ಒಡೆದಿಲ್ಲವಂತೆ! ನಾಲ್ವರಲ್ಲಿ ಕೊಟ್ಟುಬಿಡಬಹುದಾದವರು ಒಬ್ಬರೂ ಕಾಣದಿದ್ದಾಗ ಮಾತ್ರ ಗಡಿ ಒಡೆದಂತೆ. ಅದನ್ನು ಸೀಮಾಸಂಭೇದ ಎನ್ನುತ್ತಾರೆ.

ನಾವು ದಿನಾ ಮಾಡುವುದು ಆ ಎರಡನೆಯದನ್ನೇ. ನೀನು ಪುಣೆಯಲ್ಲಿ, ಅಂದು ನಾನು ಇಲ್ಲಿ. ನನ್ನನ್ನೇ ಒಯ್ಯಲಿ ಎನ್ನುವಾಗ ನಾನು ಬೇರೆ, ಅವರು ಬೇರೆ ಎಂಬ ಗೆರೆ ಅಳಿಸುವುದಿಲ್ಲ, ಇನ್ನೂ ದಪ್ಪವಾಗುತ್ತದೆ. ಬಳಲಿಕೆಯೂ ಕಹಿಯೂ ಬರುವುದು ಅಲ್ಲಿಂದಲೇ ಎಂದು ನನಗನ್ನಿಸುತ್ತದೆ.

ಏಕತ್ವ ಎಂಬುದು ದೊಡ್ಡ ಮಾತು. ನನಗೆ ಸಿಕ್ಕಿದ್ದು ಅದರ ಒಂದು ಗುಟುಕು, ಅದೂ ಲೋಕಲ್ ರೈಲಿನಲ್ಲಿ. ಇಗತಪುರಿಯಿಂದ ಬಂದ ಕೆಲವು ತಿಂಗಳಿಗೆ, ಬೆಳಗಿನ ನೂಕುನುಗ್ಗಲಿನಲ್ಲಿ ಕೈ ಎತ್ತಲೂ ಜಾಗವಿಲ್ಲದೆ ನಿಂತಿದ್ದೆ. ಬೇರೇನೂ ಮಾಡಲಾಗದೆ ಉಸಿರನ್ನು ನೋಡತೊಡಗಿದೆ. ನಾನು ಬಿಟ್ಟ ಉಸಿರನ್ನು ಪಕ್ಕದವನು ಎಳೆದುಕೊಳ್ಳುತ್ತಿದ್ದ, ಅವನು ಬಿಟ್ಟದ್ದನ್ನು ನಾನು. ಅವನ ಎದೆ ಏರಿದಾಗ ನನ್ನ ಭುಜ ಏರುತ್ತಿತ್ತು. ಇದರಲ್ಲಿ ನನ್ನ ಉಸಿರು ಯಾವುದು? ಕುರ್ಲಾ ಬರುವ ತನಕ ಗೆರೆ ಎಲ್ಲಿಯೂ ಸಿಗಲಿಲ್ಲ. ಬೆವರು ನಾರುತ್ತಿದ್ದ ಆ ಅಪರಿಚಿತನ ಮೇಲೆ ಅಂದು ಉಕ್ಕಿದ ಅಕ್ಕರೆಯನ್ನು ಇವತ್ತಿಗೂ ಮಾತಿನಲ್ಲಿ ಹೇಳಲಾರೆ.

ಚಿಕ್ಕಪ್ಪನ ವಿಷಯ. ಬಂದ ಕೂಡಲೇ ಫೋನ್ ಮಾಡಿದೆ, ಅವನು ಎತ್ತಲಿಲ್ಲ. ಎರಡು ವರ್ಷ ಹೀಗೆಯೇ ನಡೆಯಿತು. ಧ್ಯಾನ ಮಾಡಿದ್ದು ನಾನು, ಅವನ ಮನಸ್ಸು ಯಾಕೆ ಬದಲಾಗಬೇಕು? ಆಮೇಲೆ ಒಂದು ದಿನ ಅವನೇ, ಗಣೇಶಪುರಿಗೆ ಹೋಗೋಣವೇ ಎಂದ. ವಸಾಯಿಯಿಂದ ಬಸ್ಸು ಹಿಡಿದೆವು. ಸಮಾಧಿಗೆ ಕೈ ಮುಗಿದು, ಬಿಸಿನೀರಿನ ಕುಂಡದಲ್ಲಿ ಕಾಲು ಇಳಿಬಿಟ್ಟು ಇಬ್ಬರೂ ಒಂದು ಗಂಟೆ ಕುಳಿತೆವು. ಪಾಲಿನ ಮಾತು ಬರಲಿಲ್ಲ, ಕ್ಷಮೆಯ ಮಾತೂ ಬರಲಿಲ್ಲ. ಏಳುವಾಗ ನನ್ನ ಮೊಣಕಾಲು ಹಿಡಿದುಕೊಂಡಿತು, ಅವನು ಕೈ ಕೊಟ್ಟ.

ನಿನಗೆ ಹತ್ತು ದಿನ ಬಿಡುವು ಸಿಗುವುದಿಲ್ಲ, ಗೊತ್ತು. ಕಾಲು ಗಂಟೆ ಸಾಕು. ಕುರ್ಚಿಯ ಮೇಲಾದರೂ ಆದೀತು, ಬೆನ್ನು ನೆಟ್ಟಗಿರಲಿ. ಮೂಗಿನ ತುದಿಯಲ್ಲಿ ಉಸಿರನ್ನು ನೋಡು, ಅದನ್ನು ತಿದ್ದಬೇಡ. ಉಸಿರು ಬಿಡುವಾಗ ಎದೆಬಡಿತ ತುಸು ನಿಧಾನವಾಗುವುದು ದೇಹದ ಸಹಜ ಗುಣ, ಕ್ರಮೇಣ ನಿನಗೇ ಗೊತ್ತಾಗುತ್ತದೆ. ಮನಸ್ಸು ಕಚೇರಿಗೆ, ಮಾತ್ರೆಯ ಡಬ್ಬಿಗೆ ಓಡುತ್ತದೆ. ಓಡಿದ್ದು ತಿಳಿದಾಗ ಗದರಿಸಬೇಡ. ಧಣಿಗಳು ನನ್ನನ್ನು ಕೇಳಿದ ಹಾಗೆ ಕೇಳಿ, ಕರೆದುಕೊಂಡು ಬಾ. ಕೊನೆಯ ಎರಡು ನಿಮಿಷ ಹಾರೈಕೆ. ಮೊದಲು ನಿನಗೆ, ಆಮೇಲೆ ಮಗುವಿಗೆ, ಲಿಫ್ಟಿನ ಕಾವಲುಗಾರನಿಗೆ, ಅತ್ತೆಯವರಿಗೆ. ಈ ಸಾಲು ತಪ್ಪಿಸಬೇಡ. ಕೆಲವು ದಿನ ಏನೂ ಅನ್ನಿಸುವುದಿಲ್ಲ, ಕಲ್ಲಿನಂತೆ ಕುಳಿತು ಎದ್ದಂತಿರುತ್ತದೆ. ಇವತ್ತು ಬೆಳಿಗ್ಗೆ ನನಗೂ ಹಾಗೆಯೇ ಆಯಿತು.

ಅತ್ತೆಯವರ ಮೊದಲ ಮಾತ್ರೆ ಆರು ಗಂಟೆಗೆ ಎಂದು ನೀನು ಹೇಳಿದ್ದೆ. ನಾನು ಇಲ್ಲಿ ಐದೂಮುಕ್ಕಾಲಿಗೆ ಕೂರುತ್ತೇನೆ, ನಾಳೆಯಿಂದ ಪಕ್ಕದಲ್ಲಿ ಇನ್ನೊಂದು ಮಣೆ ಹಾಕಿಟ್ಟಿರುತ್ತೇನೆ. ಕುಳಿತೆ ಎಂದು ನನಗೆ ತಿಳಿಸುವುದು ಬೇಡ.

ನಿನ್ನ
ಅಪ್ಪ